ಅಕಾಲ ಋತುಬಂಧ: ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಮಹಿಳೆಯರು ತಿಳಿಯಬೇಕಾದ ಪರೀಕ್ಷೆ ಮತ್ತು ಚಿಕಿತ್ಸೆ

ಹಿಂದೂಪುರ, ಕಲ್ಯಾಣದುರ್ಗ ಸೀಮೆಯ ಮನೆಗಳಲ್ಲಿ ‘ಗರ್ಭಸಂಚಿ ಆಪರೇಷನ್’ ಎಂಬ ಮಾತು ಅಪರಿಚಿತವಲ್ಲ. ಗರ್ಭಕೋಶ, ಗರ್ಭಚೀಲ ಎಂಬ ನಮ್ಮ ಪದಗಳ ಜೊತೆಗೆ ತೆಲುಗಿನ ಈ ಹೆಸರೂ ಗಡಿಭಾಗದ ಕನ್ನಡದಲ್ಲಿ ಬೆರೆತುಹೋಗಿದೆ. ಮೂವತ್ತೈದರೊಳಗೆ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಅಥವಾ ಯಾವ ಶಸ್ತ್ರಚಿಕಿತ್ಸೆಯೂ ಇಲ್ಲದೆ ಮೂವತ್ತೆಂಟರಲ್ಲೋ ನಲವತ್ತರಲ್ಲೋ ಮುಟ್ಟು ನಿಂತವರು, ಒಂದು ಕಾಟ ಕಳೆಯಿತೆಂದು ಸಮಾಧಾನಪಡುವುದುಂಟು. ತಿಂಗಳ ಆ ದಿನಗಳಲ್ಲಿ ಕೂಲಿ ತಪ್ಪುವುದಿಲ್ಲ. ದೇವರ ಕಾರ್ಯಕ್ಕೆ ಅಡ್ಡಿಯಿಲ್ಲ. ಆದರೆ ಇಂಥ ಸಂದರ್ಭಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಹರಿವೂ ನಿಂತಿರಬಹುದು. ಅದು ಎಲುಬು, ಹೃದಯ, ರಕ್ತನಾಳ, ಮೂತ್ರಮಾರ್ಗ, ನಿದ್ರೆಗಳನ್ನು ಕಾಯುವ ಈಸ್ಟ್ರೋಜೆನ್ ಎಂಬ ಹಾರ್ಮೋನು. ಐವತ್ತರ ಆಸುಪಾಸಿನಲ್ಲಿ ಅದು ಕಡಿಮೆಯಾಗುವುದು ಪ್ರಕೃತಿಸಹಜ. ನಲವತ್ತಕ್ಕೆ ಮುನ್ನವೇ ನಿಂತರೆ ಅದು ಪರೀಕ್ಷಿಸಿ ಚಿಕಿತ್ಸೆ ನೀಡಬೇಕಾದ ಕೊರತೆ. ಇದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಯಸ್ಸಿನ ಲೆಕ್ಕ

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಅದನ್ನು ವೈದ್ಯಶಾಸ್ತ್ರವು ಋತುಬಂಧವೆಂದು ಕರೆಯುತ್ತದೆ. ಭಾರತೀಯ ಮಹಿಳೆಯರಲ್ಲಿ ಇದು ಸರಾಸರಿ 46–47ನೆಯ ವಯಸ್ಸಿನಲ್ಲಿ, ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 51ರಲ್ಲಿ ಸಂಭವಿಸುತ್ತದೆ. 40ರಿಂದ 45ರ ನಡುವೆ ಆದರೆ ಅದು ಶೀಘ್ರ ಋತುಬಂಧ. 40ಕ್ಕೆ ಮೊದಲೇ ಅಂಡಾಶಯಗಳು ತಮ್ಮ ಕೆಲಸವನ್ನು ಕೈಬಿಟ್ಟರೆ ಅದು ಅಕಾಲಿಕ ಅಂಡಾಶಯ ಕೊರತೆ. ವೈದ್ಯರ ಚೀಟಿಯಲ್ಲಿ ಇದು ‘ಪಿ.ಒ.ಐ.’ ಎಂಬ ಮೂರಕ್ಷರವಾಗಿ ಕಾಣಿಸಿಕೊಳ್ಳುತ್ತದೆ. ಹಿಂದೆ ಇದನ್ನು ಅಂಡಾಶಯದ ವೈಫಲ್ಯ ಎನ್ನುತ್ತಿದ್ದರು. ಕೆಲವರಲ್ಲಿ ಅಂಡಾಶಯವು ನಡುನಡುವೆ ಎಚ್ಚೆತ್ತು ಕೆಲಸ ಮಾಡುವುದರಿಂದ, ನೂರರಲ್ಲಿ ಐದರಿಂದ ಹತ್ತು ಮಂದಿಗೆ ತಾನಾಗಿಯೇ ಗರ್ಭ ನಿಲ್ಲುವ ಸಾಧ್ಯತೆಯೂ ಇರುವುದರಿಂದ, ಈಗ ‘ಕೊರತೆ’ ಎಂಬ ಪದವನ್ನೇ ಬಳಸಲಾಗುತ್ತಿದೆ.

ಇದು ವಿರಳ ಸಂಗತಿಯೆಂದು ತಿಳಿಯಬಾರದು. 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮಾಹಿತಿಯನ್ನು ಆಧರಿಸಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನವು, 35ರಿಂದ 39ರ ವಯೋಮಾನದಲ್ಲಿಯೇ ಸುಮಾರು ಶೇ. 8ರಷ್ಟು ಭಾರತೀಯ ಮಹಿಳೆಯರಿಗೆ ಮುಟ್ಟು ನಿಂತಿರುವುದನ್ನು ಗುರುತಿಸಿತ್ತು. ರಾಜ್ಯಗಳ ಪೈಕಿ ಆಂಧ್ರಪ್ರದೇಶವೇ ಮುಂದಿತ್ತು. ಕರ್ನಾಟಕವೂ ಮುಂಚೂಣಿಯಲ್ಲಿಯೇ ಇತ್ತು. ಗಡಿಯ ಎರಡೂ ಬದಿಯವರಿಗೆ ಇದು ಸಂಬಂಧಿಸಿದ ವಿಷಯ.

ಗರ್ಭಕೋಶ ಬೇರೆ, ಅಂಡಾಶಯ ಬೇರೆ

ನಮ್ಮ ಸೀಮೆಯಲ್ಲಿ ಮುಟ್ಟು ಬೇಗ ನಿಲ್ಲಲು ಶಸ್ತ್ರಚಿಕಿತ್ಸೆ ಒಂದು ದೊಡ್ಡ ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಸುಮಾರು ಶೇ. 3; ಆಂಧ್ರಪ್ರದೇಶದಲ್ಲಿ ಅದು ಸುಮಾರು ಶೇ. 9, ದೇಶದಲ್ಲಿಯೇ ಅತಿ ಹೆಚ್ಚು. ಈ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಅರ್ಧದಷ್ಟು ಮಂದಿ ಆಗ 35 ವರ್ಷವನ್ನೂ ತುಂಬಿರಲಿಲ್ಲ. ಮೂರರಲ್ಲಿ ಎರಡಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆಗಳು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು.

ಇದಕ್ಕೆ ಸ್ಥಳೀಯ ಇತಿಹಾಸವೂ ಇದೆ. ಆರೋಗ್ಯಶ್ರೀ ಯೋಜನೆಯು 2007ರ ಏಪ್ರಿಲ್ 1ರಂದು ಮೊದಲು ಆರಂಭವಾದ ಮೂರು ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಹಿಂದೂಪುರ ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರೂ, 2022ರ ಏಪ್ರಿಲ್ ತನಕ ಅದು ಮತ್ತು ಕಲ್ಯಾಣದುರ್ಗ ಎರಡೂ ಅನಂತಪುರ ಜಿಲ್ಲೆಯಲ್ಲಿಯೇ ಇದ್ದವು. ಬಡವರಿಗೆ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆದ ಆ ಯೋಜನೆಯಲ್ಲಿಯೇ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗುತ್ತಿದೆ ಎಂಬ ಆಕ್ಷೇಪಗಳೂ ಎದ್ದವು. ಮುಂದೆ ಯೋಜನೆಯಡಿ ಈ ಶಸ್ತ್ರಚಿಕಿತ್ಸೆಯನ್ನು ಸರ್ಕಾರಿ ಆಸ್ಪತ್ರೆಗಳಿಗೆ ಸೀಮಿತಗೊಳಿಸಲಾಯಿತು. ಗಡಿಯಾಚೆ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಮಹಿಳೆಯರ ವಿಷಯದಲ್ಲಿಯೂ 2015ರಲ್ಲಿ ಇಂಥದೇ ದೂರು ಕೇಳಿಬಂದಿತು.

ಇಲ್ಲಿ ತಿಳಿಯಬೇಕಾದ ಮುಖ್ಯ ಭೇದವೊಂದಿದೆ. ಮಗು ಬೆಳೆಯುವುದು, ಮುಟ್ಟಿನ ರಕ್ತ ಬರುವುದು ಗರ್ಭಕೋಶದಿಂದ. ಹಾರ್ಮೋನು ಒಸರುವುದು ಅದರ ಎರಡು ಪಕ್ಕಗಳಲ್ಲಿರುವ ಅಂಡಾಶಯಗಳಿಂದ. ಗರ್ಭಕೋಶವನ್ನು ಮಾತ್ರ ತೆಗೆದು ಅಂಡಾಶಯಗಳನ್ನು ಉಳಿಸಿದ್ದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನು ಮುಂದುವರಿಯುತ್ತದೆ. ಆದರೆ ಇಂಥವರಲ್ಲಿ ಅಂಡಾಶಯಗಳು ಸಾಮಾನ್ಯಕ್ಕಿಂತ ಒಂದೆರಡು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು, ಮೊದಲೇ ದಣಿಯಬಹುದು; ಮುಟ್ಟೇ ಇಲ್ಲದ ಕಾರಣ ಅದು ಯಾವಾಗ ಆಯಿತೆಂಬ ಗುರುತೂ ಸಿಗದು. ಎರಡೂ ಅಂಡಾಶಯಗಳನ್ನು ತೆಗೆದಿದ್ದರೆ ಋತುಬಂಧವು ಕೆಲವೇ ದಿನಗಳಲ್ಲಿ ಬಂದೊದಗುತ್ತದೆ. ಸಹಜವಾಗಿ ವರ್ಷಗಟ್ಟಲೆ ನಿಧಾನವಾಗಿ ಆಗಬೇಕಾದ ಇಳಿತ ಒಮ್ಮೆಲೇ ಆಗುವುದರಿಂದ ತೊಂದರೆಗಳೂ ತೀವ್ರ.

ತಮ್ಮಲ್ಲಿ ಯಾವುದನ್ನು ತೆಗೆದಿದ್ದಾರೆ ಎಂಬುದನ್ನು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಹೇಳುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಟಿ.ಎ.ಎಚ್.’ ಎಂದಿದ್ದರೆ ಹೊಟ್ಟೆ ಕೊಯ್ದು, ‘ವಿ.ಎಚ್.’ ಎಂದಿದ್ದರೆ ಯೋನಿಮಾರ್ಗದಿಂದ ಗರ್ಭಕೋಶ ತೆಗೆದಿದ್ದಾರೆಂದು ಅರ್ಥ. ಜೊತೆಗೆ ‘ಬಿ.ಎಸ್.ಒ.’ ಎಂದು ಸೇರಿದ್ದರೆ ಎರಡೂ ಬದಿಯ ಅಂಡಾಶಯ ಮತ್ತು ನಾಳಗಳನ್ನೂ ತೆಗೆಯಲಾಗಿದೆ. ‘ಯು.ಎಸ್.ಒ.’ ಎಂದಿದ್ದರೆ ಒಂದು ಬದಿಯದನ್ನು ಮಾತ್ರ. ಈ ಮೂರಕ್ಷರಗಳ ಮೇಲೆಯೇ ಮುಂದಿನ ಚಿಕಿತ್ಸೆ ನಿಂತಿದೆ. ಚೀಟಿ ಕಳೆದಿದ್ದರೆ ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಗಳಿಂದ ಬಹುಮಟ್ಟಿಗೆ ಊಹಿಸಬಹುದು.

ಶಸ್ತ್ರಚಿಕಿತ್ಸೆ ಇಲ್ಲದೆ ನಿಂತರೆ

ಮುಟ್ಟು ತಾನಾಗಿ ನಿಂತಾಗ ಎಲ್ಲವೂ ಋತುಬಂಧವಲ್ಲ. ಮೊದಲು ಗರ್ಭಧಾರಣೆ ಆಗಿದೆಯೇ ಎಂದು ನೋಡಬೇಕು. ಥೈರಾಯ್ಡ್ ದೋಷ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಹೆಚ್ಚಳ, ಪಿ.ಸಿ.ಒ.ಎಸ್., ಅತಿಯಾದ ತೂಕ ಇಳಿಕೆ, ರಕ್ತಹೀನತೆಯೊಡನೆ ಕೂಡಿದ ಅಪೌಷ್ಟಿಕತೆ ಇವೆಲ್ಲ ಮುಟ್ಟನ್ನು ತಪ್ಪಿಸಬಲ್ಲವು. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ನೀಡುವ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದು ಪಡೆಯುವವರಲ್ಲಿಯೂ ಮುಟ್ಟು ನಿಲ್ಲುವುದು ಸಾಮಾನ್ಯ. ಜನನಾಂಗದ ಕ್ಷಯರೋಗವು ಗರ್ಭಕೋಶದ ಒಳಪದರವನ್ನು ಹಾಳುಮಾಡಿದರೆ ಅಂಡಾಶಯ ಸರಿಯಾಗಿದ್ದರೂ ರಕ್ತ ಬರುವುದಿಲ್ಲ. ಇವುಗಳಿಗೆ ಬೇರೆ ಬೇರೆ ಚಿಕಿತ್ಸೆಗಳಿರುವುದರಿಂದ ಕಾರಣ ಹುಡುಕದೆ ಮುಂದುವರಿಯುವಂತಿಲ್ಲ.

ಅಂಡಾಶಯವೇ ದಣಿದಿದ್ದರೆ ಅದರ ಹಿಂದೆ ವಂಶವಾಹಿ ದೋಷ, ದೇಹದ ರಕ್ಷಣಾ ವ್ಯವಸ್ಥೆಯೇ ಅಂಡಾಶಯದ ಮೇಲೆ ಎರಗುವ ಸ್ವಯಂನಿರೋಧಕ ಕಾಯಿಲೆ, ಕ್ಯಾನ್ಸರಿಗೆ ನೀಡಿದ ಕೀಮೋಥೆರಪಿ ಅಥವಾ ವಿಕಿರಣ, ಅಂಡಾಶಯದ ಗಡ್ಡೆಗೆ ಮಾಡಿದ ಶಸ್ತ್ರಚಿಕಿತ್ಸೆ ಇರಬಹುದು. ತಂಬಾಕು ಋತುಬಂಧವನ್ನು ಒಂದೆರಡು ವರ್ಷ ಮುಂದಕ್ಕೆಳೆಯುತ್ತದೆ. ಬಹಳಷ್ಟು ಮಂದಿಯಲ್ಲಿ ಎಷ್ಟು ಹುಡುಕಿದರೂ ಕಾರಣ ತಿಳಿಯುವುದಿಲ್ಲ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ನಿವಾರಿಸಬೇಕು. ಆಂಧ್ರಪ್ರದೇಶದಲ್ಲಿ ಹತ್ತು ವಿವಾಹಿತ ಮಹಿಳೆಯರಲ್ಲಿ ಸುಮಾರು ಏಳು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮುಟ್ಟಿನ ಏರುಪೇರಿಗೆಲ್ಲ ಅದನ್ನೇ ದೂರುವ ರೂಢಿಯಿದೆ. ಆ ಶಸ್ತ್ರಚಿಕಿತ್ಸೆಯಲ್ಲಿ ಅಂಡವಾಹಕ ನಾಳವನ್ನು ಕಟ್ಟುತ್ತಾರೆಯೇ ಹೊರತು ಅಂಡಾಶಯವನ್ನು ಮುಟ್ಟುವುದಿಲ್ಲ. ಅದರಿಂದ ಋತುಬಂಧ ಬರುವುದಿಲ್ಲ. ಆದ್ದರಿಂದ ‘ಕುಟುಂಬ ಯೋಜನೆ ಆಪರೇಷನ್ ಆದ ಮೇಲೆ ಹೀಗೆಯೇ’ ಎಂದು ಸುಮ್ಮನಿರುವುದು ಸರಿಯಲ್ಲ.

ಸುಮ್ಮನಿದ್ದರೆ ಆಗುವ ನಷ್ಟ

ಮೈ ಒಮ್ಮೆಲೇ ಕಾವೇರಿ ಬೆವರುವುದು, ರಾತ್ರಿ ನಿದ್ರೆ ಹರಿಯುವುದು, ಎದೆ ಡವಗುಟ್ಟುವುದು, ಕಾರಣವಿಲ್ಲದ ಸಿಡುಕು ಮತ್ತು ದುಗುಡ, ಯೋನಿಯ ಒಣಗುವಿಕೆ, ಕೂಡುವಾಗ ನೋವು, ಪದೇ ಪದೇ ಮೂತ್ರದ ಉರಿ, ಕೀಲುನೋವು ಇವು ಈಸ್ಟ್ರೋಜೆನ್ ಕೊರತೆಯ ಲಕ್ಷಣಗಳು. ಇವನ್ನು ‘ವೀಕ್‌ನೆಸ್’ ಎಂದು ಕರೆದು ಗ್ಲೂಕೋಸ್ ಬಾಟಲಿ, ಬಲದ ಇಂಜೆಕ್ಷನ್ನುಗಳಲ್ಲಿ ಮುಗಿಸಿಬಿಡುವುದುಂಟು. ಅವು ಈ ಕೊರತೆಯನ್ನು ತುಂಬುವುದಿಲ್ಲ.

ಲಕ್ಷಣಗಳು ಕೆಲವು ವರ್ಷಗಳಲ್ಲಿ ತಗ್ಗಬಹುದು. ಒಳಗಿನ ನಷ್ಟ ತಗ್ಗುವುದಿಲ್ಲ. ಈಸ್ಟ್ರೋಜೆನ್ ಇಲ್ಲವಾದ ಮೊದಲ ವರ್ಷಗಳಲ್ಲಿ ಎಲುಬಿನ ಸಾಂದ್ರತೆ ವರ್ಷಕ್ಕೆ ಶೇ. 2ರಿಂದ 3ರಷ್ಟು ಕುಸಿಯಬಹುದು. ಮೂವತ್ತೈದರಲ್ಲಿ ಈ ಕುಸಿತ ಆರಂಭವಾದರೆ ಐವತ್ತರ ಹೊತ್ತಿಗೆ ಎಪ್ಪತ್ತರ ಎಲುಬಾಗಿರುತ್ತದೆ. ಹೃದಯಾಘಾತದ ಅಪಾಯ ಏರುತ್ತದೆ. ಮರೆವಿನ ಕಾಯಿಲೆಯ ಸಾಧ್ಯತೆಯೂ ಹೆಚ್ಚುತ್ತದೆಂದು ಅಧ್ಯಯನಗಳು ಸೂಚಿಸಿವೆ. ಹೊಲದಲ್ಲಿ ಬಾಗಿ ಕಡಲೆಕಾಯಿ ಕೀಳುವವರಿಗೆ, ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ದುಡಿಯುವವರಿಗೆ ಎಲುಬಿನ ಬಲವೇ ಜೀವನೋಪಾಯ.

ಅನಂತಪುರ ಸೀಮೆಗೆ ಇನ್ನೊಂದು ಎಚ್ಚರಿಕೆ ಬೇಕು. ಇಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕ. ಫ್ಲೋರೋಸಿಸ್‌ನಿಂದಲೂ ಕೀಲು, ಬೆನ್ನು ನೋಯುತ್ತವೆ; ಹೀಗಾಗಿ ಒಂದರ ನೋವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವ ಸಂಭವವಿದೆ. ಮೇಲಾಗಿ, ಫ್ಲೋರೈಡ್ ಸೇರಿದ ಎಲುಬು ಡೆಕ್ಸಾ ಎಂಬ ಸಾಂದ್ರತಾ ಪರೀಕ್ಷೆಯಲ್ಲಿ ದಟ್ಟವಾಗಿ ಕಂಡರೂ ಗುಣದಲ್ಲಿ ಪೆಡಸಾಗಿರಬಲ್ಲದು. ತಾವು ಎಂಥ ನೀರು ಕುಡಿದು ಬೆಳೆದವರು ಎಂಬುದನ್ನು ವೈದ್ಯರಿಗೆ ಹೇಳುವುದು ಒಳ್ಳೆಯದು.

ಹಾರ್ಮೋನು ಪರೀಕ್ಷೆ ಏನನ್ನು ಹೇಳುತ್ತದೆ

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಎಫ್‌.ಎಸ್‌.ಎಚ್. ಎಂಬ ಹಾರ್ಮೋನಿನ ಮೂಲಕ ಅಂಡಾಶಯಕ್ಕೆ ಕೆಲಸ ಹೇಳುತ್ತದೆ. ಅಂಡಾಶಯ ಓಗೊಡುತ್ತಿರುವ ತನಕ ಮೆಲುದನಿ ಸಾಕು. ಅದು ಕಿವುಡಾದಾಗ ಗ್ರಂಥಿಯು ದನಿಯೇರಿಸಿ ಕೂಗತೊಡಗುತ್ತದೆ. ರಕ್ತದಲ್ಲಿ ಎಫ್‌.ಎಸ್‌.ಎಚ್. ಏರಿ, ಎಸ್ಟ್ರಡಯಾಲ್ ಎಂಬ ಈಸ್ಟ್ರೋಜೆನ್ ಇಳಿದಿದ್ದರೆ ಅದು ಅಂಡಾಶಯ ದಣಿದಿರುವುದರ ಗುರುತು.

ನಲವತ್ತರೊಳಗಿನವರಲ್ಲಿ ನಾಲ್ಕು ತಿಂಗಳಾದರೂ ಮುಟ್ಟು ನಿಂತಿದ್ದು ಅಥವಾ ತೀರಾ ವಿರಳವಾಗಿದ್ದು, ಎಫ್‌.ಎಸ್‌.ಎಚ್. ಪ್ರತಿ ಲೀಟರಿಗೆ 25 ಅಂತಾರಾಷ್ಟ್ರೀಯ ಘಟಕಗಳಿಗಿಂತ ಹೆಚ್ಚಿದ್ದರೆ ಅಕಾಲಿಕ ಅಂಡಾಶಯ ಕೊರತೆಯೆಂದು ನಿರ್ಣಯಿಸಲಾಗುತ್ತದೆ. ಹಿಂದೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸುವುದು ನಿಯಮವಾಗಿತ್ತು. 2024ರಲ್ಲಿ ಪರಿಷ್ಕೃತವಾದ ಅಂತಾರಾಷ್ಟ್ರೀಯ ಮಾರ್ಗಸೂಚಿಯು ಒಂದು ಪರೀಕ್ಷೆ ಸಾಕು, ಸಂದೇಹವಿದ್ದರೆ ನಾಲ್ಕರಿಂದ ಆರು ವಾರಗಳ ನಂತರ ಮತ್ತೊಮ್ಮೆ ಮಾಡಿಸಬಹುದು ಎಂದಿದೆ. ಎ.ಎಂ.ಎಚ್. ಎಂಬ ಪರೀಕ್ಷೆ ಸಂದೇಹವಿದ್ದಾಗ ನೆರವಾಗುತ್ತದೆ, ಎಲ್ಲರಿಗೂ ಅಗತ್ಯವಿಲ್ಲ. 45 ದಾಟಿದವರಲ್ಲಿ ಲಕ್ಷಣಗಳೇ ಸಾಕಾಗುವುದರಿಂದ ಸಾಮಾನ್ಯವಾಗಿ ಹಾರ್ಮೋನು ಪರೀಕ್ಷೆಯೇ ಬೇಕಿಲ್ಲ. ದುಬಾರಿ ‘ಹಾರ್ಮೋನ್ ಪ್ಯಾಕೇಜ್’ಗಳಿಗೆ ಹಣ ಸುರಿಯಬೇಕಾಗಿಲ್ಲ.

ಪರೀಕ್ಷೆಗೆ ಮುನ್ನ ಕೆಲವು ಸಂಗತಿಗಳನ್ನು ತಿಳಿಸಲೇಬೇಕು. ಗರ್ಭನಿರೋಧಕ ಗುಳಿಗೆ ಅಥವಾ ಹಾರ್ಮೋನು ಸೇವಿಸುತ್ತಿರುವಾಗ ಬಂದ ಎಫ್‌.ಎಸ್‌.ಎಚ್. ಫಲಿತಾಂಶವನ್ನು ನಂಬಲಾಗದು. ಕೂದಲು ಉದುರುವುದಕ್ಕೆಂದು ನುಂಗುವ ಹೆಚ್ಚು ಪ್ರಮಾಣದ ಬಯೋಟಿನ್ ಗುಳಿಗೆಗಳು ಕೆಲವು ಪರೀಕ್ಷೆಗಳ ಅಂಕಿಗಳನ್ನು ತಪ್ಪಿಸುತ್ತವೆ. ಮುಟ್ಟು ಅಪರೂಪಕ್ಕಾದರೂ ಬರುತ್ತಿದ್ದರೆ ಅದರ ಎರಡರಿಂದ ನಾಲ್ಕನೆಯ ದಿನದೊಳಗೆ ರಕ್ತ ಕೊಡುವುದು ಸೂಕ್ತ. ಗರ್ಭಕೋಶ ತೆಗೆಸಿಕೊಂಡವರು ಯಾವ ದಿನವಾದರೂ ಕೊಡಬಹುದು. ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಪರೀಕ್ಷೆಗಳು ಬೇಕು. ಕೊರತೆ ಖಚಿತವಾದರೆ ಕ್ರೋಮೋಸೋಮ್ ಪರೀಕ್ಷೆ, ಫ್ರಜೈಲ್ ಎಕ್ಸ್ ಎಂಬ ವಂಶವಾಹಿ ಪರೀಕ್ಷೆ, ಅಡ್ರಿನಲ್ ಗ್ರಂಥಿಯ ಪ್ರತಿಕಾಯ ಪರೀಕ್ಷೆಗಳನ್ನು ತಜ್ಞರು ಸೂಚಿಸುತ್ತಾರೆ. ಫ್ರಜೈಲ್ ಎಕ್ಸ್ ದೋಷವು ಮಕ್ಕಳ ಬುದ್ಧಿಬೆಳವಣಿಗೆಗೂ ಸಂಬಂಧಿಸಿರುವುದರಿಂದ ಅದರ ಫಲಿತಾಂಶ ಅಕ್ಕತಂಗಿಯರಿಗೂ ಹೆಣ್ಣುಮಕ್ಕಳಿಗೂ ಉಪಯೋಗಕ್ಕೆ ಬರುತ್ತದೆ.

ಹಾರ್ಮೋನು ಮರುಪೂರಣ ಚಿಕಿತ್ಸೆ

ನಿಂತುಹೋದ ಹಾರ್ಮೋನನ್ನು ಹೊರಗಿನಿಂದ ನೀಡುವುದೇ ಈ ಚಿಕಿತ್ಸೆ, ಬಳಕೆಯಲ್ಲಿ ಎಚ್‌.ಆರ್‌.ಟಿ. ಥೈರಾಯ್ಡ್ ಕುಂದಿದವರಿಗೆ ಥೈರಾಕ್ಸಿನ್, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ನೀಡುವಂತೆಯೇ ಇದೂ. ಅಕಾಲದಲ್ಲಿ ಋತುಬಂಧವಾದವರು, ತಡೆಯುವ ಬೇರೆ ಕಾಯಿಲೆ ಇಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗೆ, ಅಂದರೆ ಐವತ್ತರ ಸುಮಾರಿನವರೆಗೆ ಇದನ್ನು ಪಡೆಯಬೇಕೆಂಬುದು ಇಂದಿನ ವೈದ್ಯಕೀಯ ಮಾರ್ಗಸೂಚಿಗಳ ಸಲಹೆ.

ಗರ್ಭಕೋಶ ಇಲ್ಲದವರಿಗೆ ಈಸ್ಟ್ರೋಜೆನ್ ಒಂದೇ ಸಾಕು. ಗರ್ಭಕೋಶ ಇರುವವರಿಗೆ ಅದರೊಡನೆ ಪ್ರೊಜೆಸ್ಟರೋನ್ ಕಡ್ಡಾಯ. ಇಲ್ಲದಿದ್ದರೆ ಗರ್ಭಕೋಶದ ಒಳಪದರ ಅತಿಯಾಗಿ ಬೆಳೆದು ಕ್ಯಾನ್ಸರಿಗೆ ದಾರಿಯಾಗಬಹುದು. ಆದ್ದರಿಂದ ನೆರೆಯವರ ಗುಳಿಗೆಯನ್ನು ನೋಡಿ ಅಂಗಡಿಯಲ್ಲಿ ಕೇಳಿ ಪಡೆಯುವಂಥದಲ್ಲ ಇದು. ಈಸ್ಟ್ರೋಜೆನ್ ಗುಳಿಗೆಯಾಗಿ, ಚರ್ಮಕ್ಕೆ ಹಚ್ಚುವ ಜೆಲ್ ಆಗಿ ಅಥವಾ ಅಂಟಿಸುವ ಪಟ್ಟಿಯಾಗಿ ದೊರೆಯುತ್ತದೆ. ಚರ್ಮದ ಮೂಲಕ ನೀಡಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ. ಸ್ಥೂಲಕಾಯ, ರಕ್ತದೊತ್ತಡ ಇರುವವರಿಗೆ ಅದು ಯೋಗ್ಯ. ಯೋನಿಯ ಒಣಗುವಿಕೆ, ಮೂತ್ರದ ಉರಿ ಮಾತ್ರವಿದ್ದರೆ ಅಲ್ಲಿಗೇ ಹಚ್ಚುವ ಕ್ರೀಮುಗಳಿವೆ. ಆದರೆ ಅವು ಎಲುಬನ್ನು ಕಾಯುವುದಿಲ್ಲ. ಎಚ್‌.ಆರ್‌.ಟಿ. ಗರ್ಭನಿರೋಧಕವಲ್ಲ ಎಂಬುದೂ ನೆನಪಿರಬೇಕು.

ಸ್ತನ ಕ್ಯಾನ್ಸರ್ ಆಗಿರುವವರು, ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ತೀವ್ರ ಯಕೃತ್ತಿನ ಕಾಯಿಲೆಯವರು, ಕಾರಣ ತಿಳಿಯದ ಯೋನಿ ರಕ್ತಸ್ರಾವ ಇರುವವರು ಸಾಮಾನ್ಯವಾಗಿ ಇದನ್ನು ಪಡೆಯುವಂತಿಲ್ಲ. ಅವರಿಗೆ ಬೇರೆ ಔಷಧಗಳಿವೆ.

‘ಹಾರ್ಮೋನು ತೆಗೆದುಕೊಂಡರೆ ಕ್ಯಾನ್ಸರ್ ಬರುತ್ತದೆ’ ಎಂಬ ಭಯಕ್ಕೆ ಮೂಲವಾದದ್ದು 2002ರ ಜುಲೈಯಲ್ಲಿ ಪ್ರಕಟವಾದ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಅಧ್ಯಯನ. ಅದರಲ್ಲಿ ಎರಡೂ ಹಾರ್ಮೋನುಗಳನ್ನು ಪಡೆದವರಲ್ಲಿ ವರ್ಷಕ್ಕೆ 10,000 ಮಹಿಳೆಯರಿಗೆ ಎಂಟು ಸ್ತನ ಕ್ಯಾನ್ಸರ್ ಪ್ರಕರಣಗಳು ಹೆಚ್ಚಾಗಿ ಕಂಡವು. ಆದರೆ ಅದರಲ್ಲಿ ಪಾಲ್ಗೊಂಡವರು 50ರಿಂದ 79 ವರ್ಷದವರು. ಸರಾಸರಿ ವಯಸ್ಸು 63. ಗರ್ಭಕೋಶವಿಲ್ಲದೆ ಈಸ್ಟ್ರೋಜೆನ್ ಮಾತ್ರ ಪಡೆದವರ ಫಲಿತಾಂಶ 2004ರಲ್ಲಿ ಬಂದಾಗ ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ. ಮೂವತ್ತೈದರ ಮಹಿಳೆಗೆ ನೀಡುವ ಹಾರ್ಮೋನು, ಅವಳ ವಯಸ್ಸಿನವರಲ್ಲಿ ಸಹಜವಾಗಿ ಇರಬೇಕಾದುದರ ಮರುಪೂರಣವಷ್ಟೆ. ಅರವತ್ತಮೂರರ ಅಂಕಿಗಳನ್ನು ಅವಳಿಗೆ ಅನ್ವಯಿಸಲಾಗದು.

ಆಹಾರವೂ ಮುಖ್ಯ. ಋತುಬಂಧವಾದವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ನಮ್ಮ ರಾಗಿಯ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮುದ್ದೆ, ಮಜ್ಜಿಗೆ, ಸೊಪ್ಪು, ಎಳ್ಳು, ಬಿಸಿಲು, ನಡಿಗೆ ಎಲ್ಲವೂ ಎಲುಬಿಗೆ ಬೇಕು. ಆದರೆ ಅಕಾಲ ಋತುಬಂಧದಲ್ಲಿ ಕ್ಯಾಲ್ಸಿಯಂ ಗುಳಿಗೆಯಾಗಲಿ ಸೋಯಾ ಪುಡಿಯಾಗಲಿ ಈಸ್ಟ್ರೋಜೆನ್ನಿನ ಸ್ಥಾನವನ್ನು ತುಂಬಲಾರವು.

ಸಹಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

ಅತಿ ರಕ್ತಸ್ರಾವಕ್ಕೆ ಗರ್ಭಕೋಶ ತೆಗೆಯುವುದು ಕೊನೆಯ ದಾರಿ. ಅದಕ್ಕೆ ಮುನ್ನ ಟ್ರಾನೆಕ್ಸಾಮಿಕ್ ಆಮ್ಲದ ಗುಳಿಗೆ, ಪ್ರೊಜೆಸ್ಟರೋನ್, ಗರ್ಭಕೋಶದೊಳಗೆ ಇರಿಸುವ ಹಾರ್ಮೋನು ಸಾಧನ ಮೊದಲಾದ ದಾರಿಗಳಿವೆ. ಬಿಳಿ ಸೆರಗು ಮಾತ್ರವೇ ಶಸ್ತ್ರಚಿಕಿತ್ಸೆಗೆ ಕಾರಣವಾಗದು. ಶಸ್ತ್ರಚಿಕಿತ್ಸೆ ಅನಿವಾರ್ಯವೆಂದಾದರೂ ಎರಡು ಪ್ರಶ್ನೆ ಕೇಳಬೇಕು: ಬೇರೆ ಚಿಕಿತ್ಸೆ ಏಕೆ ಸಾಲದು? ಅಂಡಾಶಯಗಳನ್ನು ಉಳಿಸುತ್ತೀರಾ?

ಈ ಪ್ರಶ್ನೆಗಳನ್ನು ಕೇಳುವ ಹಕ್ಕು ಕಾನೂನಿನದು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಪಾಸಣೆಗೆಂದು ಒಪ್ಪಿದ್ದ 44 ವರ್ಷದ ಮಹಿಳೆಯೊಬ್ಬರ ಗರ್ಭಕೋಶ ಮತ್ತು ಅಂಡಾಶಯಗಳನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದ ಪ್ರಕರಣದಲ್ಲಿ, ತಪಾಸಣೆಗೆ ನೀಡಿದ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ನೀಡಿದ ಒಪ್ಪಿಗೆಯಾಗದು ಎಂದು ತೀರ್ಪಿತ್ತಿತು. 2023ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯವು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೆ ಸೂಚಿಸಿತು. ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದಲ್ಲಿ ಉಸ್ತುವಾರಿ ಸಮಿತಿಗಳಿರಬೇಕೆಂಬುದು ಆ ಮಾರ್ಗಸೂಚಿಗಳ ತಿರುಳು.

ಭಾಷಾ ಅಲ್ಪಸಂಖ್ಯಾತರಿಗೆ ಈ ಮಾತು ಇನ್ನೂ ಮುಖ್ಯ. ವೈದ್ಯರು ತೆಲುಗಿನಲ್ಲಿ ವಿವರಿಸಿ, ಇಂಗ್ಲಿಷಿನ ಕಾಗದಕ್ಕೆ ಸಹಿ ಪಡೆಯುವಾಗ, ಅಗಳಿ, ಕುಂದುರ್ಪಿಯಂಥ ಮಂಡಲಗಳ ಕನ್ನಡ ಮಹಿಳೆಗೆ ‘ಅಂಡಾಶಯ’ದ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿದಿರಲಿಕ್ಕಿಲ್ಲ. ಅರ್ಥವಾಗದ ಭಾಷೆಯಲ್ಲಿ ಪಡೆದ ಸಹಿಯನ್ನು ತಿಳಿದು ನೀಡಿದ ಒಪ್ಪಿಗೆ ಎನ್ನಲಾಗದು. ಕನ್ನಡದಲ್ಲಿ ತಿಳಿಸುವವರೊಬ್ಬರು ಬರುವವರೆಗೆ ಕಾಯಿರೆಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ತುರ್ತಲ್ಲದ ಶಸ್ತ್ರಚಿಕಿತ್ಸೆ ಒಂದು ವಾರ ಕಾಯಬಲ್ಲದು.

ದಾಖಲೆಗಳ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ. 2002ರ ವೈದ್ಯಕೀಯ ಮಂಡಳಿ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ನೀಡಬೇಕು. ಮೂರು ವರ್ಷ ಕಳೆದ ಮೇಲೆ ಅವು ಸಿಗುವ ಭರವಸೆಯಿಲ್ಲ. ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಪ್ರತಿಯನ್ನು ಈಗಲೇ ಪಡೆದು ಪಡಿತರ ಚೀಟಿಯೊಡನೆ ಜೋಪಾನವಾಗಿಡಬೇಕು.

ನಲವತ್ತೈದರೊಳಗೆ ಮುಟ್ಟು ನಿಂತವರು, ಗರ್ಭಕೋಶ ತೆಗೆಸಿಕೊಂಡು ಮೈ ಕಾವೇರುವುದು, ನಿದ್ರೆಗೇಡು, ಎಲುಬುನೋವಿನಿಂದ ಬಳಲುವವರು, ಮೊದಲು ತಮ್ಮ ಊರಿನ ಆಶಾ ಕಾರ್ಯಕರ್ತೆ ಅಥವಾ ಎ.ಎನ್‌.ಎಂ. ಅವರಿಗೆ ತಿಳಿಸಿ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಹಿಂದೂಪುರದ ಸರ್ಕಾರಿ ಆಸ್ಪತ್ರೆ, ಕಲ್ಯಾಣದುರ್ಗದಲ್ಲಿ ಸರ್ಕಾರಿ ಆಸ್ಪತ್ರೆ ಹಾಗೂ ಆರ್‌ಡಿಟಿ ಆಸ್ಪತ್ರೆ, ಮೇಲಿನ ಹಂತಕ್ಕೆ ಅನಂತಪುರದ ಸರ್ಕಾರಿ ಸರ್ವಜನ ಆಸ್ಪತ್ರೆ ಅಥವಾ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಇವೆ. ಹೋಗುವಾಗ ಮೂರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದೊಯ್ದರೆ ಸಾಕು: ಕೊನೆಯ ಬಾರಿ ಮುಟ್ಟಾದ ತಿಂಗಳು, ಆದ ಶಸ್ತ್ರಚಿಕಿತ್ಸೆಗಳು, ಈಗ ಸೇವಿಸುತ್ತಿರುವ ಗುಳಿಗೆಗಳು. ಅದನ್ನು ಕನ್ನಡದಲ್ಲಿಯೇ ಬರೆದಿಟ್ಟುಕೊಂಡು, ವೈದ್ಯರಿಗೆ ಓದಿ ಹೇಳಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು.